ಮಾರೋಲೆ ಬಾರದ ಪ್ರಶ್ನೆಗಳು

ಒಬ್ಬನು ಒಂದು ಪ್ರಶ್ನೆಯನ್ನು ಬಹುಕಾಲ ಮನಸ್ಸಿನಲ್ಲಿ ಹೊತ್ತು, ತನಗೆ ತಿಳಿದ ಮಟ್ಟಿಗೆ ಅದನ್ನು ಮಾತಿನಲ್ಲಿ ಇಳಿಸಿ, ಬಲ್ಲವರೆಂದು ತಾನು ನಂಬಿದವರ ಮುಂದಿಟ್ಟು, ದಿನಗಳು ವಾರಗಳಾಗಿ ವಾರಗಳು ತಿಂಗಳುಗಳಾಗುವ ತನಕ ಕಾದು, ಕಡೆಗೆ ಯಾವ ಉತ್ತರವೂ ಬರಲಾರದೆಂಬುದನ್ನು ಮನಗಾಣುವಾಗ ಅವನಿಗಾಗುವ ಕ್ಲೇಶವು 'ಆಗದು' ಎಂಬ ಸ್ಪಷ್ಟ ನಿರಾಕರಣೆಯಿಂದ ಆಗುವ ಕ್ಲೇಶಕ್ಕಿಂತ ಬೇರೆ ಬಗೆಯದು. ನಿರಾಕರಣೆಗೆ ಒಂದು ಕೊನೆಯುಂಟು. ಅದನ್ನು ಕೇಳಿದವನು ನೊಂದುಕೊಂಡು, ಬೇಕಾದರೆ ಸಿಟ್ಟುಗೊಂಡು, ಮತ್ತೊಂದು ಬಾಗಿಲನ್ನು ತಟ್ಟಬಹುದು. ಮೌನಕ್ಕೆ ಅಂಥ ಕೊನೆಯಿಲ್ಲ. ಕೇಳಿದವನು ಆ ಮೌನದೊಳಗೆ ತನಗೆ ತೋಚಿದ ಅರ್ಥವನ್ನೆಲ್ಲ ತುಂಬುತ್ತ ಹೋಗುತ್ತಾನೆ: ನನ್ನ ಪ್ರಶ್ನೆ ಮೂರ್ಖತನದ್ದಿರಬೇಕು, ನಾನು ಸಣ್ಣ ಊರಿನವನೆಂದು ಅವರು ಅಲಕ್ಷಿಸಿರಬೇಕು, ನನ್ನ ಭಾಷೆ ನೋಡಿ ನಕ್ಕಿರಬೇಕು. ಈ ಊಹೆಗಳು ಬಹುಪಾಲು ತಪ್ಪೆಂದೂ, ಮೌನದ ಮೂಲವು ತಿರಸ್ಕಾರದಲ್ಲಿರುವುದು ವಿರಳವೆಂದೂ, ಉತ್ತರ ಕೊಡುವ ಹೊಣೆ ಯಾವೊಬ್ಬನ ಹೆಗಲ ಮೇಲೂ ಹೆಸರು ಹಿಡಿದು ಬೀಳದಿರುವುದೇ ಅದಕ್ಕೆ ಮುಖ್ಯ ಕಾರಣವೆಂದೂ ನನ್ನ ದೃಢವಾದ ಅಭಿಪ್ರಾಯ. ಇದನ್ನು ಸಮರ್ಥಿಸಲು ನಮ್ಮ ಬೆಂಗಳೂರಿಗೇ ಸಂಬಂಧಪಟ್ಟ ಒಂದು ಹಳೆಯ ಪ್ರಸಂಗವನ್ನು ಕೊಂಚ ವಿಸ್ತಾರವಾಗಿ ಹೇಳಬೇಕಾಗಿದೆ.

1907ರಲ್ಲಿ ವಿ. ರಾಮಸ್ವಾಮಿ ಅಯ್ಯರ್ ಎಂಬ ಗಣಿತಪ್ರಿಯ ಸರ್ಕಾರಿ ಅಧಿಕಾರಿಯೊಬ್ಬರ ಪ್ರಯತ್ನದಿಂದ ಹುಟ್ಟಿದ ಸಂಘವು ಮುಂದೆ ಭಾರತೀಯ ಗಣಿತ ಸಂಘವೆಂಬ ಹೆಸರನ್ನು ಪಡೆಯಿತು. ಅದರ ಪತ್ರಿಕೆಯ ಸಂಪಾದಕತ್ವವನ್ನು ವಹಿಸಿಕೊಂಡಿದ್ದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಗಣಿತಾಧ್ಯಾಪಕರಾದ ಎಂ. ಟಿ. ನಾರಾಯಣ ಅಯ್ಯಂಗಾರ್ಯರು. ಆ ಪತ್ರಿಕೆಯಲ್ಲಿ ಓದುಗರು ಪ್ರಶ್ನೆಗಳನ್ನು ಕಳಿಸುವುದಕ್ಕೂ ಇತರ ಓದುಗರು ಅವುಗಳಿಗೆ ಪರಿಹಾರ ಬರೆಯುವುದಕ್ಕೂ ಒಂದು ವಿಭಾಗವಿದ್ದಿತು. 1911ರಲ್ಲಿ ಆ ವಿಭಾಗದಲ್ಲಿ 289ನೆಯ ಸಂಖ್ಯೆಯ ಪ್ರಶ್ನೆಯೊಂದು ಅಚ್ಚಾಯಿತು. ಕೇಳಿದವರು ಮದರಾಸಿನಲ್ಲಿ ಉದ್ಯೋಗವಿಲ್ಲದೆ, ಹಿತೈಷಿಯೊಬ್ಬರ ಮಾಸಾಶನದಿಂದ ಜೀವನ ನಡೆಸುತ್ತಿದ್ದ ಎಸ್. ರಾಮಾನುಜನ್. ಪ್ರಶ್ನೆಯ ಸ್ವರೂಪ ಇಷ್ಟೆ: ಒಂದಕ್ಕೆ, ಎರಡರಿಂದ ಗುಣಿಸಿದ ಒಂದು ವರ್ಗಮೂಲವನ್ನು ಕೂಡಿಸಬೇಕು, ಆ ವರ್ಗಮೂಲದ ಒಳಗೆ ಮತ್ತೆ ಒಂದು ಹಾಗೂ ಮೂರರಿಂದ ಗುಣಿಸಿದ ವರ್ಗಮೂಲ, ಅದರೊಳಗೆ ಒಂದು ಹಾಗೂ ನಾಲ್ಕರಿಂದ ಗುಣಿಸಿದ ವರ್ಗಮೂಲ, ಹೀಗೆ ಕೊನೆಯಿಲ್ಲದೆ ಒಳಗೊಳಗೆ ಹೋಗಿ, ಇಡಿಯ ಮೊತ್ತಕ್ಕೆ ಹೊರಗಿನಿಂದ ಇನ್ನೊಂದು ವರ್ಗಮೂಲವನ್ನು ತೆಗೆದರೆ ಬರುವ ಬೆಲೆ ಎಷ್ಟು?

ಮೂರು ಸಂಚಿಕೆಗಳು ಕಳೆದವು, ಆರು ತಿಂಗಳಾದವು, ಒಬ್ಬರೂ ಉತ್ತರ ಬರೆಯಲಿಲ್ಲ. ಕಡೆಗೆ ರಾಮಾನುಜನ್ನರೇ ಉತ್ತರವನ್ನು ಒದಗಿಸಿದರು: ಬೆಲೆ 3. ಅದರ ಬಗೆಯನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಹಿಂಬಾಲಿಸಬಲ್ಲನು. 3ರ ವರ್ಗ 9; 9 ಎಂದರೆ ಒಂದಕ್ಕೆ ಎರಡು ನಾಲ್ಕಲ ಎಂಟನ್ನು ಕೂಡಿಸಿದ್ದು. ಆ ನಾಲ್ಕರ ವರ್ಗ 16. 16 ಎಂದರೆ ಒಂದಕ್ಕೆ ಮೂರು ಐದಲ ಹದಿನೈದನ್ನು ಕೂಡಿಸಿದ್ದು. ಆ ಐದರ ವರ್ಗ 25. ಅದು ಒಂದಕ್ಕೆ ನಾಲ್ಕು ಆರಲ ಇಪ್ಪತ್ತನಾಲ್ಕನ್ನು ಕೂಡಿಸಿದ್ದು. ಮೂರರೊಳಗೆ ನಾಲ್ಕು, ನಾಲ್ಕರೊಳಗೆ ಐದು, ಐದರೊಳಗೆ ಆರು, ಎಲ್ಲಿಯೂ ಮುಗಿಯದ ಸರಣಿ. (ಅನಂತಕ್ಕೆ ಒಯ್ದಾಗ ಆ ಬೆಲೆಯು ನಿಜವಾಗಿಯೂ 3ರಲ್ಲಿಯೇ ನೆಲೆಗೊಳ್ಳುತ್ತದೆಂಬುದಕ್ಕೆ ಇನ್ನೊಂದು ವಾದ ಬೇಕಾಗುತ್ತದೆ, ಅದನ್ನು ಪೂರೈಸಿದವರು ಆಮೇಲಿನವರು. ಆದರೆ ಕೌತುಕದ ಬೀಗ ತೆರೆಯುವುದು ಇಲ್ಲಿಯೇ.)

ಈ ಪ್ರಶ್ನೆಯಲ್ಲಿ ಏನು ದೋಷವಿದ್ದಿತು? ಅದು ಚಿಕ್ಕದಾಗಿದ್ದಿತು, ಸುಂದರವಾಗಿದ್ದಿತು, ಹೋಗಬೇಕಾದ ಸ್ಥಳಕ್ಕೇ ಹೋಗಿತ್ತು. ಅದನ್ನು ಕಂಡವರೆಲ್ಲರೂ ಗಣಿತವನ್ನು ಪ್ರೀತಿಸುವವರು, ಚಂದಾ ತೆತ್ತು ಪತ್ರಿಕೆಯನ್ನು ತರಿಸುತ್ತಿದ್ದವರು. ಕೇಳಿದವನು ಇನ್ನೂ ಅಪ್ರಸಿದ್ಧನಾಗಿದ್ದರಿಂದ ಅವನನ್ನು ದ್ವೇಷಿಸುವ ಕಾರಣ ಯಾರಿಗೂ ಇರಲಿಲ್ಲ. ಆದರೂ ಮೌನ. ನಾನು ಊಹಿಸುವಂತೆ, ಓದುಗರಲ್ಲಿ ಕೆಲವರು ಪ್ರಶ್ನೆಯನ್ನು ನೋಡಿ ಸುಲಭವೆಂದು ಭಾವಿಸಿ ಕಾಗದವನ್ನು ಮುಂದಕ್ಕೆಳೆದು, ನಾಲ್ಕೈದು ಮೆಟ್ಟಿಲು ಇಳಿದಮೇಲೆ ದಾರಿ ಕಾಣದೆ ಬಿಟ್ಟಿರಬೇಕು. ಕೆಲವರು ಇದಕ್ಕೆ ನನಗಿಂತ ಬಲ್ಲವರು ಬರೆಯುತ್ತಾರೆಂದು ಮುಂದಿನ ಸಂಚಿಕೆಗಾಗಿ ಕಾದಿರಬೇಕು. ಹೆಚ್ಚುಕಡಿಮೆ 3ರ ಸಮೀಪಕ್ಕೆ ಬರುತ್ತದೆಂದು ಲೆಕ್ಕ ಹಾಕಿ ಕಂಡುಕೊಂಡವರೂ ಇದ್ದಿರಬಹುದು, ಆದರೆ ಸಾಧನೆಯಿಲ್ಲದ ಉತ್ತರವನ್ನು ಅಚ್ಚಿಗೆ ಕೊಟ್ಟು ನಗೆಗೀಡಾಗಲು ಅವರು ಹಿಂಜರಿದಿರಬೇಕು. ಇವರಲ್ಲಿ ಒಬ್ಬರಾದರೂ ಪ್ರಶ್ನೆ ಕೇಳಿದವನನ್ನು ಕೀಳಾಗಿ ಕಂಡವರಲ್ಲ. ಮುಂದಿನ ವರ್ಷಗಳಲ್ಲಿ ರಾಮಾನುಜನ್ನರು ಆ ಪತ್ರಿಕೆಗೆ ಐವತ್ತಕ್ಕೂ ಮಿಕ್ಕಿ ಪ್ರಶ್ನೆಗಳನ್ನು ಕಳಿಸಿದರು ಎಂಬುದು ಗಮನಾರ್ಹ. ಮೌನವು ಅವರನ್ನು ಕೇಳುವ ಅಭ್ಯಾಸದಿಂದ ವಿಮುಖಗೊಳಿಸಲಿಲ್ಲ. ಅಷ್ಟು ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಅದೇ 1911ರಲ್ಲಿ ರಾಮಾನುಜನ್ನರ ಮೊದಲ ದೀರ್ಘ ಲೇಖನವೂ ಅದೇ ಪತ್ರಿಕೆಯಲ್ಲಿ ಬೆಳಕು ಕಂಡಿತು. ಅದರ ಹಸ್ತಪ್ರತಿಯು ಸಂಪಾದಕರಿಗೂ ಲೇಖಕರಿಗೂ ನಡುವೆ ಹಲವು ಬಾರಿ ಓಡಾಡಿತಂತೆ. ಅವರ ವಿಧಾನಗಳು ಅತಿ ಸಂಕ್ಷಿಪ್ತವಾಗಿಯೂ ನವೀನವಾಗಿಯೂ ಇದ್ದುವೆಂದು, ನಿರೂಪಣೆಯಲ್ಲಿ ಸ್ಪಷ್ಟತೆ ಸಾಲದೆ ಸಾಮಾನ್ಯ ಓದುಗನಿಗೆ ಅನುಸರಿಸುವುದು ದುಸ್ಸಾಧ್ಯವಾಗಿತ್ತೆಂದು ನಾರಾಯಣ ಅಯ್ಯಂಗಾರ್ಯರು ಬಳಿಕ ತಿಳಿಸಿದ್ದಾರೆ. ಈ ಮಾತಿನಲ್ಲಿ ನನಗೆ ಮುಖ್ಯವಾಗಿ ಕಾಣುವುದು ದೂರಿನ ಧ್ವನಿಯಲ್ಲ. ಅರ್ಥವಾಗದ ಹಸ್ತಪ್ರತಿಯನ್ನು ಮೇಜಿನ ಒಂದು ಮೂಲೆಗೆ ಸರಿಸಿ ಸುಮ್ಮನಿದ್ದುಬಿಡುವುದು ಅವರಿಗೆ ಎಷ್ಟು ಸುಲಭವಾಗಿದ್ದಿತು! ಹಾಗೆ ಮಾಡಿದ್ದರೆ ಯಾರೂ ಅವರನ್ನು ದೂಷಿಸುತ್ತಿರಲಿಲ್ಲ. ಬೋಧನೆಯ ಹೊರೆ ಹೊತ್ತ ಅಧ್ಯಾಪಕರು, ಸಂಬಳವಿಲ್ಲದ ಸಂಪಾದಕರು. ಆದರೆ ಅವರು ಪ್ರತಿಸಲವೂ ಎಲ್ಲಿ ತಮಗೆ ತಿಳಿಯಲಿಲ್ಲವೆಂಬುದನ್ನು ಗುರುತಿಸಿ ಹಿಂದಕ್ಕೆ ಕಳಿಸಿದರು. ಅಂಥ ಹಿಂದಕ್ಕೆ ಕಳಿಸುವಿಕೆಯೂ ಒಂದು ಮಹತ್ತಾದ ಉತ್ತರವೇ ಸರಿ.

ಆಮೇಲಿನ ಕಥೆ ಲೋಕವಿದಿತ. ರಾಮಾನುಜನ್ನರು ಕೇಂಬ್ರಿಜ್ಜಿನ ಎಚ್. ಎಫ್. ಬೇಕರ್ ಮತ್ತು ಇ. ಡಬ್ಲ್ಯು. ಹಾಬ್ಸನ್ ಎಂಬ ಇಬ್ಬರು ಗಣಿತಜ್ಞರಿಗೂ ಬರೆದರೆಂದೂ, ಅವರಿಂದ ಫಲ ದೊರೆಯಲಿಲ್ಲವೆಂದೂ ಹೇಳುತ್ತಾರೆ. 1913ರ ಜನವರಿ 16ರಂದು ಅಲ್ಲಿಯ ಇನ್ನೊಬ್ಬ ಗಣಿತಜ್ಞ ಜಿ. ಎಚ್. ಹಾರ್ಡಿಯವರಿಗೆ ಬರೆದ ಪತ್ರಕ್ಕೆ ಫೆಬ್ರುವರಿ 8ರಂದು ಉತ್ತರ ಹೊರಟಿತು. ಈ ಭೇದಕ್ಕೆ ಹಾರ್ಡಿಯವರ ಪ್ರತಿಭೆಯೊಂದೇ ಕಾರಣವೆಂದು ಸಾಮಾನ್ಯವಾಗಿ ಹೇಳುವ ರೂಢಿ. ಅದು ನಿಜ; ಆದರೆ ಪತ್ರವನ್ನೇ ಎತ್ತಿಕೊಂಡು ನೋಡಿದರೆ ಇನ್ನೊಂದು ಸಂಗತಿಯೂ ಕಣ್ಣಿಗೆ ಬೀಳುತ್ತದೆ. ರಾಮಾನುಜನ್ನರು ಮೊದಲು ತಾನು ಮದರಾಸಿನ ಬಂದರು ಕಚೇರಿಯಲ್ಲಿ ವರ್ಷಕ್ಕೆ ಇಪ್ಪತ್ತು ಪೌಂಡುಗಳ ಗುಮಾಸ್ತನೆಂದು ಯಾವ ಸಂಕೋಚವೂ ಇಲ್ಲದೆ ಹೇಳಿಕೊಂಡು, ಹಾರ್ಡಿಯವರೇ ರಚಿಸಿದ ಕಿರುಹೊತ್ತಗೆಯೊಂದರ 36ನೆಯ ಪುಟವನ್ನು ಬೆರಳಿಟ್ಟು ತೋರಿಸಿದರು: ಒಂದು ಮಿತಿಯೊಳಗೆ ಎಷ್ಟು ಅವಿಭಾಜ್ಯ ಸಂಖ್ಯೆಗಳಿವೆಯೆಂಬುದಕ್ಕೆ ಖಚಿತವಾದ ಸೂತ್ರ ಇನ್ನೂ ದೊರೆತಿಲ್ಲವೆಂದು ನೀವು ಅಲ್ಲಿ ಬರೆದಿದ್ದೀರಿ, ನಾನು ಸತ್ಯಕ್ಕೆ ಅತಿ ಸಮೀಪವಾದ ಒಂದನ್ನು ಕಂಡಿದ್ದೇನೆ ಎಂದು. ಆ ಪ್ರತಿಪಾದನೆಯು ಮುಂದೆ ಪೂರ್ತಿ ನಿಲ್ಲಲಿಲ್ಲವೆಂಬುದು ಬೇರೆ ಮಾತು. ಪುಟ ಹೆಸರಿಸಿ ಬಂದ ಆ ವಾಕ್ಯವನ್ನು ಓದಿದ ಹಾರ್ಡಿಯವರಿಗೆ ಇದು ತಮಗಲ್ಲದೆ ಇನ್ನಾರಿಗೂ ಬರೆದ ಪತ್ರವಲ್ಲವೆಂಬುದು ಮೊದಲ ಪುಟದಲ್ಲಿಯೇ ತಿಳಿದುಹೋಗಿರಬೇಕು. ಹಿಂದೆ ನೂರಾರು ಕೈಗಳ ನಡುವೆ ಹಂಚಿಹೋಗಿದ್ದ ಹೊಣೆಯು ಇಲ್ಲಿ ಒಬ್ಬ ವ್ಯಕ್ತಿಯ ಕೈಗೆ ಬಂದು ನಿಂತಿತು.

ಸತ್ಯೇಂದ್ರನಾಥ ಬೋಸರು 1924ರ ಜೂನ್ 4ರಂದು ಢಾಕಾದಿಂದ ಐನ್‌ಸ್ಟೈನರಿಗೆ ಬರೆದ ಪತ್ರದಲ್ಲಿಯೂ ಇದೇ ಗುಣವಿದೆ. ತಾನು ಏನನ್ನು ಸಾಧಿಸಿದ್ದೇನೆಂಬುದನ್ನು ಎರಡು ಮೂರು ವಾಕ್ಯಗಳಲ್ಲಿ ಹೇಳಿ, ನಿಮಗೆ ಯೋಗ್ಯವೆಂದು ತೋರಿದರೆ ಇಂಥ ಜರ್ಮನ್ ಪತ್ರಿಕೆಯಲ್ಲಿ ಪ್ರಕಟವಾಗುವಂತೆ ಏರ್ಪಡಿಸಿರಿ, ಅನುವಾದಿಸುವಷ್ಟು ಜರ್ಮನ್ ನನಗೆ ಬಾರದು ಎಂದು ಬೋಸರು ಬರೆದರು. ಐನ್‌ಸ್ಟೈನರು ಸ್ವತಃ ಅನುವಾದಿಸಿ ಕಳಿಸಿದರು. ಮಾಡಬೇಕಾದ್ದು ಏನು, ಮಾಡಬೇಕಾದವರು ಯಾರು ಎಂಬ ಎರಡೂ ಅಂಶಗಳು ಆ ಚಿಕ್ಕ ಪತ್ರದಲ್ಲಿ ನಿಸ್ಸಂದಿಗ್ಧವಾಗಿದ್ದುವು.

ಇದರಿಂದ ಕೇಳುವವರಿಗೂ ಒಂದು ಕರ್ತವ್ಯವುಂಟೆಂದು ತಾನಾಗಿ ಸಿದ್ಧವಾಗುತ್ತದೆ. ಮಲೆನಾಡಿನಿಂದಲೂ ಕರಾವಳಿಯಿಂದಲೂ ಕೃಷಿ ತಜ್ಞರಿಗೆ ಬರುವ ಪ್ರಶ್ನೆಗಳನ್ನು ತೆಗೆದುಕೊಳ್ಳೋಣ. 'ನನ್ನ ಅಡಿಕೆ ತೋಟದ ಸೋಗೆಗಳು ಹಳದಿಯಾಗುತ್ತಿವೆ, ಪರಿಹಾರ ತಿಳಿಸಿ' ಎಂಬ ಒಂದು ಸಾಲಿನ ಪ್ರಶ್ನೆಯಲ್ಲಿ ಎಷ್ಟು ಸಂಕಟ ತುಂಬಿದೆಯೋ ಅಷ್ಟೇ ಮಾಹಿತಿಯ ಬಡತನವೂ ತುಂಬಿದೆ. ಸೋಗೆ ಹಳದಿಯಾಗುವುದಕ್ಕೆ ಬಸಿಗಾಲುವೆ ಮುಚ್ಚಿ ಬುಡದಲ್ಲಿ ನೀರು ನಿಂತಿದ್ದರೂ ಸಾಕು. ಬೇರುಹುಳು ಬಿದ್ದಿದ್ದರೂ ಸಾಕು. ಪೋಷಕಾಂಶದ ಕೊರತೆಯಿದ್ದರೂ ಸಾಕು. ಇಲ್ಲವೆ ಶೃಂಗೇರಿ, ಕೊಪ್ಪ, ಸುಳ್ಯದ ಕಡೆಯ ಬೆಳೆಗಾರರನ್ನು ದಶಕಗಳಿಂದ ಕಂಗೆಡಿಸಿರುವ ಹಳದಿ ಎಲೆ ರೋಗವೇ ಆಗಿರಬಹುದು. ಹಳದಿ ಬಣ್ಣ ಹೊರಸುತ್ತಿನ ಸೋಗೆಗಳ ತುದಿಯಿಂದ ಆರಂಭವಾಯಿತೆ, ಮರಗಳ ವಯಸ್ಸೆಷ್ಟು, ಅಡಿಕೆಯ ತಿರುಳು ಕಪ್ಪಾಗಿ ಮೆತ್ತಗಾಗಿದೆಯೆ, ನೆರೆಯ ತೋಟದಲ್ಲಿಯೂ ಹೀಗಿದೆಯೆ, ಮಳೆಗಾಲ ಮುಗಿದಮೇಲೆ ಹಸಿರು ಮರಳಿತೆ, ಇಷ್ಟನ್ನು ಬರೆದಿದ್ದರೆ ತಜ್ಞನು ಒಂದು ಕಾರ್ಡಿನಲ್ಲಿ ಉತ್ತರ ಬರೆದುಬಿಡಬಹುದಾಗಿತ್ತು. ಬರೆಯದ ಕಾರಣ, ಅವನು ಮೊದಲು ಐದು ಪ್ರಶ್ನೆಗಳನ್ನು ತಾನೇ ಕೇಳಬೇಕಾಗುತ್ತದೆ. ನಾಳೆ ಕೇಳೋಣವೆಂದು ಪಕ್ಕಕ್ಕಿಟ್ಟ ಪತ್ರದ ಮೇಲೆ ಇತರ ಪತ್ರಗಳು ಬೀಳುತ್ತವೆ. ರೈತನಿಗೆ ತೋಟ ಪ್ರತಿದಿನವೂ ಕಣ್ಣ ಮುಂದಿರುವುದರಿಂದ, ಅದು ತಜ್ಞನ ಕಣ್ಣ ಮುಂದೆ ಇಲ್ಲವೆಂಬುದು ಅವನಿಗೆ ಹೊಳೆಯುವುದಿಲ್ಲ. ಇದು ಅವಿವೇಕವಲ್ಲ, ನೋವಿನ ಸಮೀಪದಲ್ಲಿರುವವರೆಲ್ಲರಿಗೂ ಸಹಜವಾದ ಮರೆವು.

ಅತಿಯಾದ ಸಂಕ್ಷೇಪದಿಂದ ಕೆಟ್ಟ ದೃಷ್ಟಾಂತವೂ ಚರಿತ್ರೆಯಲ್ಲಿದೆ. ನಾರ್ವೆಯ ಯುವಕ ಆಬೆಲ್ 1824ರಲ್ಲಿ, ಐದನೆಯ ಘಾತದ ಸಮೀಕರಣವನ್ನು ಸಾಮಾನ್ಯ ಸೂತ್ರದಿಂದ ಬಿಡಿಸಲಾಗದೆಂಬ ತನ್ನ ಸಾಧನೆಯನ್ನು ಸ್ವಂತ ಹಣದಿಂದ ಅಚ್ಚು ಹಾಕಿಸುವಾಗ, ಖರ್ಚನ್ನು ಉಳಿಸುವುದಕ್ಕಾಗಿ ಅದನ್ನು ಆರೇ ಪುಟಗಳಿಗೆ ಹಿಂಡಿದನು. ಗಣಿತಜ್ಞ ಗಾಸ್ ಮಹಾಶಯನಿಗೆ ಕಳಿಸಿದ ಪ್ರತಿಯು ಗಾಸನ ಮರಣಾನಂತರ ಅವನ ಕಾಗದಗಳ ನಡುವೆ ಬಿಡಿಸದೆಯೇ ಸಿಕ್ಕಿತೆಂದು ಹೇಳುತ್ತಾರೆ.

ಕೇಳುವವನ ಲೋಪವನ್ನು ಹೀಗೆ ಒಪ್ಪಿಕೊಂಡ ಬಳಿಕವೂ, ನನ್ನ ಮನಸ್ಸಿನಲ್ಲಿ ಹೆಚ್ಚಿನ ಭಾರ ಇನ್ನೊಂದು ತಟ್ಟೆಯಲ್ಲಿಯೇ ಉಳಿಯುತ್ತದೆ. 1968ರಲ್ಲಿ ಅಮೆರಿಕದ ಡಾರ್ಲಿ ಮತ್ತು ಲಟಾನೆ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳು ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ಧ್ವನಿಯಂತ್ರದ ಮೂಲಕ ಸಂಭಾಷಿಸುತ್ತಿರುವಾಗ, ಅವರಲ್ಲೊಬ್ಬನಿಗೆ ಅಪಸ್ಮಾರ ಬಂದಂತೆ ಕೇಳಿಸುವ ಏರ್ಪಾಡು. ಅದನ್ನು ಕೇಳುತ್ತಿರುವವನು ತಾನೊಬ್ಬನೇ ಎಂದು ತಿಳಿದಿದ್ದವರಲ್ಲಿ, ಆ ಧ್ವನಿ ನಿಲ್ಲುವ ಮೊದಲೇ ನೆರವಿಗೆ ಎದ್ದವರು ಶೇಕಡ 85. ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ನಂಬಿದ್ದವರಲ್ಲಿ ಶೇಕಡ 31. ಎದ್ದು ಹೋಗದವರು ಕಠೋರಹೃದಯರಾಗಿರಲಿಲ್ಲ; ಅವರ ಕೈಗಳು ನಡುಗುತ್ತಿದ್ದುವು, ಆ ಹುಡುಗನು ಹೇಗಿದ್ದಾನೆಂದು ಆಮೇಲೆ ಅವರೇ ಕಳವಳದಿಂದ ವಿಚಾರಿಸಿದರು. ಕರುಣೆಯಿದ್ದೂ ಕಾಲು ಎದ್ದಿರಲಿಲ್ಲ, ಅಷ್ಟೆ. 289ನೆಯ ಪ್ರಶ್ನೆಯ ಓದುಗರಿಗೂ ನಮ್ಮ ಸಭೆಗಳಲ್ಲಿ 'ಬಲ್ಲವರು ಹೇಳಬೇಕು' ಎಂಬ ಮಾತು ಕೇಳಿ ನೆಲ ನೋಡುವ ಬಲ್ಲವರಿಗೂ ಆಗುವುದು ಇದೇ.

ನಮ್ಮ ಊರುಗಳಿಂದ ಹೊರಡುವ ಮನವಿಪತ್ರಗಳನ್ನು ನೋಡಿರಿ. ಕುಡಿಯುವ ನೀರಿನ ಕೊಳವೆ ಒಡೆದಿದೆಯೆಂದು ಬರೆದ ಅರ್ಜಿಯ ಕೆಳಗೆ 'ಪ್ರತಿಗಳು' ಎಂಬ ಶೀರ್ಷಿಕೆಯಡಿ ಮುಖ್ಯಮಂತ್ರಿಗಳಿಂದ ಹಿಡಿದು ಜಿಲ್ಲಾಧಿಕಾರಿ, ತಹಸೀಲ್ದಾರ್, ತಾಲ್ಲೂಕು ಪಂಚಾಯಿತಿ, ಗ್ರಾಮ ಪಂಚಾಯಿತಿಯವರೆಗೆ ಒಂದು ಪಟ್ಟಿ ಇರುತ್ತದೆ. ಬರೆದವನು ಹೆಚ್ಚು ಜನರಿಗೆ ತಿಳಿಸಿದರೆ ಹೆಚ್ಚು ಬೇಗ ಕೆಲಸವಾದೀತೆಂದು ಭಾವಿಸುತ್ತಾನೆ. ಆಗುವುದು ತದ್ವಿರುದ್ಧ. ಪ್ರತಿಯೊಂದು ಕಚೇರಿಯ ಗುಮಾಸ್ತನೂ ಪಟ್ಟಿಯನ್ನು ನೋಡಿ, ಮೇಲಿನವರು ಕೆಳಗಿನವರಿಗೆ ಹೇಳಿರುತ್ತಾರೆಂದು ಅಥವಾ ಕೆಳಗಿನವರು ಆಗಲೇ ಮಾಡಿರುತ್ತಾರೆಂದು ಎಣಿಸಿ ಕಡತದಲ್ಲಿ ಸೇರಿಸುತ್ತಾನೆ. ಕೊಳವೆಯಿಂದ ನೀರು ಸೋರುತ್ತಲೇ ಇರುತ್ತದೆ.

2005ರ ಮಾಹಿತಿ ಹಕ್ಕು ಅಧಿನಿಯಮದ ರಚನೆ ನನ್ನ ಮೆಚ್ಚುಗೆಗೆ ಪಾತ್ರವಾಗಿರುವುದು ಈ ಕಾರಣದಿಂದಲೇ. ಆ ಶಾಸನವು ಕಚೇರಿಗೆ ಮಾತ್ರ ಹೊಣೆ ಹೊರಿಸಿ ಬಿಡಲಿಲ್ಲ. ಪ್ರತಿ ಕಚೇರಿಯಲ್ಲಿಯೂ ಸಾರ್ವಜನಿಕ ಮಾಹಿತಿ ಅಧಿಕಾರಿಯೆಂದು ಒಬ್ಬನನ್ನು ಹೆಸರಿಸಬೇಕೆಂದು ವಿಧಿಸಿತು. ಅವನು 30 ದಿನಗಳೊಳಗೆ ಉತ್ತರಿಸಬೇಕು. ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆಗಳೊಳಗೆ. ಅವಧಿ ಮೀರಿದರೆ ಆ ಮೌನವನ್ನೇ ನಿರಾಕರಣೆಯೆಂದು ಭಾವಿಸಿ ಅರ್ಜಿದಾರನು ಮೇಲ್ಮನವಿ ಸಲ್ಲಿಸಬಹುದು. ಸಮಂಜಸವಾದ ಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿಯವರೆಗೆ ದಂಡ ವಿಧಿಸುವ ಅಧಿಕಾರ ಮಾಹಿತಿ ಆಯೋಗಕ್ಕಿದೆ. ಕೊನೆಯಿಲ್ಲದ ಮೌನಕ್ಕೆ ಒಂದು ತಾರೀಖನ್ನೂ ಒಂದು ಅರ್ಥವನ್ನೂ ಕೊಟ್ಟು, ಅದನ್ನು ಪ್ರಶ್ನಿಸಲು ಬರುವಂತೆ ಮಾಡಿದ್ದು ಸಾಮಾನ್ಯ ಸಾಧನೆಯಲ್ಲ. ಆಚರಣೆಯಲ್ಲಿ ಆ ಕಾಯಿದೆ ಎಷ್ಟೋ ಕಡೆ ಸೊರಗಿದೆಯೆಂಬ ದೂರು ನ್ಯಾಯವಾದುದೇ. ಆದರೆ ದಾರಿ ಸರಿಯಾದ ದಾರಿ.

ವಿದ್ವಾಂಸರ ಮೌನಕ್ಕೆ ಮಾತ್ರ ಕಾಯಿದೆ ಮದ್ದಲ್ಲ. ಪೂರ್ಣವಾದ ಉತ್ತರ ಕೊಡಲಾಗದಿದ್ದರೆ ಏನನ್ನೂ ಕೊಡಬಾರದೆಂಬ ಒಂದು ಅಭಿಮಾನ ಬಲ್ಲವರಲ್ಲಿ ಬೇರೂರಿದೆ. ಲಂಡನ್ನಿನ ಎಂ. ಜೆ. ಎಂ. ಹಿಲ್ ಎಂಬ ಪ್ರಾಧ್ಯಾಪಕರನ್ನು ಇಲ್ಲಿ ನೆನೆಯಬೇಕು. 1912ರ ಕೊನೆಯಲ್ಲಿ, ಹಾರ್ಡಿಯವರಿಗೂ ಮೊದಲು, ಮದರಾಸಿನ ಎಂಜಿನಿಯರಿಂಗ್ ಕಾಲೇಜಿನ ಗ್ರಿಫಿತ್ ಎಂಬವರ ಮೂಲಕ ರಾಮಾನುಜನ್ನರ ಬರಹ ಅವರ ಕೈ ಸೇರಿತು. ಅವರು ಅದರ ಅಂತರಾಳವನ್ನು ಕಾಣಲಿಲ್ಲ. ಅಪಸರಣ ಶ್ರೇಣಿಗಳ ವಿಷಯದಲ್ಲಿ ಈತನು ಎಡವಿದ್ದಾನೆಂದು ತೀರ್ಮಾನಿಸಿದರು. ಆದರೂ ಓದಬೇಕಾದ ಬ್ರಾಮ್ವಿಚ್ಚರ ಗ್ರಂಥವನ್ನು ಹೆಸರಿಸಿದರು, ಲೇಖನವನ್ನು ಸ್ಪಷ್ಟವಾಗಿ ಬರೆಯಬೇಕೆಂದೂ ವಿವರಿಸದ ಚಿಹ್ನೆಗಳನ್ನು ಬಳಸಬಾರದೆಂದೂ ಬುದ್ಧಿ ಹೇಳಿದರು. ಚರಿತ್ರೆಯಲ್ಲಿ ಹಾರ್ಡಿಯವರ ಕೀರ್ತಿ ಹಿಲ್ಲರಿಗೆ ದಕ್ಕಲಿಲ್ಲ. ಆದರೆ ಅಪೂರ್ಣವಾದ, ಭಾಗಶಃ ತಪ್ಪಾದ ಆ ಉತ್ತರವನ್ನು ನಾನು ಗೌರವದಿಂದ ಕಾಣುತ್ತೇನೆ. ತಮಗೆ ತಿಳಿದಷ್ಟನ್ನು ಹೇಳಿ, ಮುಂದಿನ ಹೆಜ್ಜೆಗೆ ಒಂದು ಪುಸ್ತಕದ ಹೆಸರನ್ನು ಕೊಟ್ಟವರು, ನಿರ್ದುಷ್ಟವಾದ ಮೌನವನ್ನು ಕಾಪಾಡಿಕೊಂಡವರಿಗಿಂತ ಜ್ಞಾನದ ಋಣವನ್ನು ಹೆಚ್ಚು ತೀರಿಸಿದ್ದಾರೆ.

ಕನ್ನಡದಲ್ಲಿ ಈ ಋಣವನ್ನು ಬಹುಕಾಲ ತೀರಿಸಿದವರು ಪ್ರೊ. ಜಿ. ವೆಂಕಟಸುಬ್ಬಯ್ಯನವರು. 'ಪ್ರಜಾವಾಣಿ'ಯ 'ಇಗೋ ಕನ್ನಡ' ಅಂಕಣದಲ್ಲಿ ನಾಡಿನ ಮೂಲೆ ಮೂಲೆಗಳ ಓದುಗರು ಪದಗಳ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಅವರು ವರ್ಷಗಟ್ಟಲೆ ಉತ್ತರ ಬರೆದರು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಸಂಪಾದಕರಾಗಿ ದುಡಿದವರಿಗೆ, ಶಾಲಾ ಮಾಸ್ತರರೊಬ್ಬರ ಸಣ್ಣ ಸಂದೇಹ ಸಣ್ಣದಾಗಿ ಕಾಣಲಿಲ್ಲ. ಆ ಅಂಕಣ ಬೆಳೆದದ್ದು ಅವರ ಪಾಂಡಿತ್ಯದಿಂದ ಮಾತ್ರವಲ್ಲ; ಕೇಳಿದರೆ ಉತ್ತರಿಸುವವರು ಇಂಥವರೆಂದು ನಾಡಿಗೆಲ್ಲ ಗೊತ್ತಿದ್ದುದರಿಂದ. ಉತ್ತರ ಬರುತ್ತದೆಂಬ ಭರವಸೆ ಹುಟ್ಟಿದ ಕಡೆ ಪ್ರಶ್ನೆಗಳೂ ಉತ್ತಮವಾಗುತ್ತವೆ. ಹಿಂದಿನ ವಾರದ ಉತ್ತರವನ್ನು ಓದಿದವನು ಈ ವಾರ ಹೆಚ್ಚು ಖಚಿತವಾಗಿ ಕೇಳುತ್ತಾನೆ.

ಆದಕಾರಣ ನಮ್ಮ ನಿಯತಕಾಲಿಕಗಳ ಸಂಪಾದಕರಲ್ಲಿ ನನ್ನದೊಂದು ಮನವಿಯುಂಟು. 'ಅಸ್ವೀಕೃತ ಬರಹಗಳ ಬಗ್ಗೆ ಪತ್ರವ್ಯವಹಾರಕ್ಕೆ ಅವಕಾಶವಿಲ್ಲ' ಎಂಬ ಸಾಲನ್ನು ನಾವು ಎಷ್ಟೋ ಪತ್ರಿಕೆಗಳಲ್ಲಿ ಓದುತ್ತ ಬಂದಿದ್ದೇವೆ. ಬರಹಗಳ ಪ್ರವಾಹದ ಮುಂದೆ ಕುಳಿತ ಇಬ್ಬರು ಮೂವರು ಉಪಸಂಪಾದಕರ ಕಷ್ಟವನ್ನು ನಾನು ಬಲ್ಲೆ. ಪ್ರತಿಯೊಂದಕ್ಕೂ ವಿಮರ್ಶೆ ಬರೆಯಿರೆಂದು ಯಾರೂ ಕೇಳುವಂತಿಲ್ಲ. ಆದರೆ ಸ್ವವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆಯನ್ನು ಲೇಖಕನೇ ಇಟ್ಟು ಕಳಿಸುತ್ತಿದ್ದ ದಿನಗಳಲ್ಲಿ ಉತ್ತರ ಬರೆಯಲು ತಗುಲುತ್ತಿದ್ದ ಕಾಲಕ್ಕೂ ವೆಚ್ಚಕ್ಕೂ ಹೋಲಿಸಿದರೆ, 'ತಲುಪಿತು, ಇಂಥವರು ಓದುತ್ತಾರೆ, ಇಂಥ ತಿಂಗಳೊಳಗೆ ತಿಳಿಸುತ್ತೇವೆ' ಎಂಬ ಒಂದು ಸಾಲು ಇಂದು ಬಹು ಅಗ್ಗ. ಒಬ್ಬರ ಹೆಸರು, ಒಂದು ತಾರೀಖು, ಇವೆರಡೇ ಸಾಕು. ಸಿಂಧನೂರಿನಲ್ಲೋ ಸಿದ್ದಾಪುರದಲ್ಲೋ ತನ್ನ ಮೊದಲ ಕಥೆಯನ್ನು ಕಳಿಸಿ ಕಾಯುತ್ತಿರುವ ಹುಡುಗಿಯು ಆ ತಾರೀಖು ಕಳೆದ ಮರುದಿನ ತನ್ನ ಕಥೆಯನ್ನು ಇನ್ನೊಂದು ಪತ್ರಿಕೆಗೆ ಕಳಿಸುವ ಹಕ್ಕನ್ನು ಪಡೆಯುತ್ತಾಳೆ. ಈ ಸಾಲನ್ನು ಬರೆಯಲಾರದಷ್ಟು ಸಿಬ್ಬಂದಿಯ ಅಭಾವವಿದ್ದರೆ, ಮೂರು ತಿಂಗಳು ಉತ್ತರ ಬಾರದಿದ್ದರೆ ಸ್ವೀಕೃತವಾಗಿಲ್ಲವೆಂದು ತಿಳಿಯಿರೆಂದು ಪತ್ರಿಕೆಯಲ್ಲಿಯೇ ಅಚ್ಚು ಹಾಕಿಸಿದರೂ ಸಾಲದೆ? ಕೆಲವು ಪತ್ರಿಕೆಗಳು ಈಗಾಗಲೇ ಹಾಗೆ ಮಾಡುತ್ತಿವೆ, ಉಳಿದವೂ ಮಾಡಲಿ.